ಹಾಕಿದವನು ಮೊದಲು ಕುಡಿಯಬೇಕು

ನಮ್ಮ ಮನೆತನದ ಕಸುಬು ಸೇಂದಿ ಇಳಿಸುವುದು. ಇದನ್ನು ಮೊದಲಿಗೇ ಹೇಳಿಬಿಡುತ್ತೇನೆ, ಸುತ್ತಿ ಬಳಸಿ ಹೇಳುವ ಅಭ್ಯಾಸ ನನಗಿಲ್ಲ. ದೇವದುರ್ಗ ತಾಲೂಕಿನ ಗಬ್ಬೂರಿನ ಹಳ್ಳದ ಗುಂಟ ನಿಂತ ಈಚಲ ಗಿಡಗಳನ್ನು ನನ್ನ ತಾತ ಏರಿದ, ಅಪ್ಪ ಏರಿದ. ಸಂಜೆ ಗಿಡದ ಕುತ್ತಿಗೆ ಕೆತ್ತಿ ಮಡಕೆ ಕಟ್ಟಿ ಬರುವುದು, ನಸುಕಿನಲ್ಲಿ ತುಂಬಿದ ಮಡಕೆ ಇಳಿಸುವುದು. ಅವ್ವನ ಪಾಲಿಗೆ ಸುಣ್ಣದ ಕೆಲಸ. ಮಡಕೆಯ ಒಳಮೈಗೆ ತೆಳ್ಳಗೆ ಸುಣ್ಣ ಸವರಿದರೆ ಒಳಗೆ ಬಿದ್ದ ರಸ ಬೇಗ ಹುಳಿಯಾಗುವುದಿಲ್ಲ. ಅವ್ವನ ಬಲಗೈ ಬೆರಳಸಂದಿ ವರ್ಷದ ಹನ್ನೆರಡು ತಿಂಗಳೂ ಒಡೆದು ಬಿಳಿಚಿಕೊಂಡಿರುತ್ತಿತ್ತು. ಖಾರ ಅರೆಯುವಾಗ ಆಕೆ ಎಡಗೈ ಬಳಸುತ್ತಿದ್ದಳು.

ಇನ್ನೊಂದು ಕಟ್ಟಳೆ ಇತ್ತು. ಗಿರಾಕಿಯ ಮುಂದೆ ಮಡಕೆ ಬಗ್ಗಿಸುವವನು ಮೊದಲು ತಾನೊಂದು ಗುಟುಕು ಕುಡಿದು ತೋರಿಸಬೇಕು. ಸೇಂದಿಯಲ್ಲಿ ಏನೇನೋ ಬೆರೆಸುವ ಮಂದಿ ಇದ್ದರು, ಅದಕ್ಕೇ ಈ ನೇಮ. ಗೌಡ ಬರಲಿ, ದನ ಕಾಯುವವನು ಬರಲಿ, ಹಾಕಿದವನು ಮೊದಲು ಕುಡಿಯಬೇಕು.

ಆ ಮನೆಯಿಂದ ಬಿ.ಎ. ಆದವನು ನಾನು. ಗಬ್ಬೂರಿನಲ್ಲಿ ನಮ್ಮ ಮಂದಿಯೊಳಗೆ ಮೊದಲಿಗ. ಈ ಮಾತನ್ನು ಹೇಳುವಾಗ ಇಂದಿಗೂ ನನ್ನ ಬೆನ್ನು ನೆಟ್ಟಗಾಗುತ್ತದೆ, ಆಗಲಿ ಬಿಡಿ. ರಾಯಚೂರಿನ ಹೈಸ್ಕೂಲಿಗೆ ಹೋದಾಗ ನನ್ನ ಪಕ್ಕ ಕುಳಿತುಕೊಳ್ಳಲು ಒಬ್ಬನೂ ಒಪ್ಪಲಿಲ್ಲ. ಮೂಗು ಮುಚ್ಚಿಕೊಂಡು ದೂರ ಸರಿಯುತ್ತಿದ್ದರು. ನಾನು ಹಂದರದ ಕಂಬಕ್ಕೆ ಒರಗಿ ಕುಳಿತು ಉರ್ದು ಕಲಿತೆ, ಇಂಗ್ಲಿಷ್ ಕಲಿತೆ. ಹೈದರಾಬಾದಿನಲ್ಲಿ ಸಾಹುಕಾರರ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟು ಹೊಟ್ಟೆ ಹೊರೆದುಕೊಂಡೆ. ಮನೆಯಲ್ಲಿ ಕನ್ನಡ, ಪರೀಕ್ಷೆಯಲ್ಲಿ ಉರ್ದು, ಕನಸಿನಲ್ಲಿ ಯಾವುದೋ ಎರಡರ ಕಲಬೆರಕೆ. ನಿಜಾಮ ರಾಜ್ಯದಲ್ಲಿ ಓದಿದವರಿಗೆಲ್ಲ ಇದು ಗೊತ್ತಿದ್ದದ್ದೇ.

ನನ್ನನ್ನು ಹೈಸ್ಕೂಲಿಗೆ ಕಳಿಸುವ ದಿನ ಅಪ್ಪ ಹಳ್ಳದ ದಂಡೆಗೆ ಕರೆದುಕೊಂಡು ಹೋದ. ಒಂದು ಗಿಡದ ಬೊಡ್ಡೆಯ ಮೇಲೆ ನನ್ನ ಅಂಗೈ ಇಡಿಸಿದ.

"ಲೇ ತಮ್ಮಾ, ನೀ ಇದನ್ನ ಏರಬ್ಯಾಡ, ಇದರದ್ದು ಕುಡೀಬ್ಯಾಡ. ಆಣಿ ಮಾಡು."

"ಯಾಕಪಾ? ನೀ ಕುಡಿತೀಯಲ್ಲ?"

"ನಾ ಕುಡಿತೀನಿ, ನಮ್ಮಪ್ಪ ಕುಡದ, ಅವರಪ್ಪ ಕುಡದ. ಮನ್ಯಾಗ ಒಬ್ಬನ ಬಾಯಿಯರ ವಾಸನಿ ಇಲ್ಲದಂಗ ಇರ್ಲಿ."

ಆಣೆ ಮಾಡಿದೆ. ಹೈದರಾಬಾದಿನಲ್ಲಿ ಗೆಳೆಯರು ಎಷ್ಟು ಕಾಡಿದರೂ ತಪ್ಪಲಿಲ್ಲ. ಗಬ್ಬೂರಿಗೆ ಬಂದಾಗ ನಮ್ಮ ಸೇಂದಿ ಅಂಗಡಿಯಲ್ಲಿ ಕೈಯಾಸರೆ ಆಗೋಣವೆಂದರೆ ಅದೂ ಆಗುತ್ತಿರಲಿಲ್ಲ. ಕುಡಿಯದವನು ಹಾಕುವ ಹಾಗಿಲ್ಲವಲ್ಲ.

ಎರಡನೇ ಮಹಾಯುದ್ಧದ ಕಾಲದಲ್ಲಿ ನನಗೆ ಮಾನ್ವಿಯ ಸರಕಾರಿ ಶಾಲೆಯಲ್ಲಿ ಕೆಲಸ ಸಿಕ್ಕಿತು. ಹಂಗಾಮಿ ಕೆಲಸ. ಅದೇ ವರ್ಷ ಅಪ್ಪ ಗಿಡದಿಂದ ಬಿದ್ದ. ಸೊಂಟದ ಎಲುಬು ಸರಿಯಾಗಿ ಕೂಡಲಿಲ್ಲ, ಬಡಿಗೆ ಊರಿ ನಡೆಯುವುದಷ್ಟೇ ಉಳಿಯಿತು. ಅಪ್ಪ, ಅವ್ವ ಇಬ್ಬರನ್ನೂ ಮಾನ್ವಿಗೆ ಕರೆತಂದೆ. ಬಾಡಿಗೆ ಮನೆ, ಎರಡು ಖೋಲಿ, ಮುಂದೊಂದು ಕಟ್ಟೆ. ಬರುವಾಗ ಅಪ್ಪ ಬೇರೇನೂ ತರಲಿಲ್ಲ, ಗಿಡ ಏರುವ ಹಗ್ಗವೊಂದನ್ನು ತಂದು ಬಾಗಿಲ ಹಿಂದಿನ ಗೂಟಕ್ಕೆ ತೂಗುಹಾಕಿದ. ಗಬ್ಬೂರಿನ ಗಿಡಗಳನ್ನು ಸರಕಾರದಿಂದ ಗುತ್ತಿಗೆ ಹಿಡಿದಿದ್ದ ಗುತ್ತೇದಾರ ಮಾತ್ರ ಸಂತೆಯಲ್ಲಿ ಸಿಕ್ಕವರ ಕೂಡ ಹೇಳಿ ಕಳಿಸುತ್ತಲೇ ಇದ್ದ: "ಅಪ್ಪನ ಸೊಂಟ ಹೋದ್ರೇನಾತು, ಮಗನ ಸೊಂಟ ಗಟ್ಟಿ ಅದ. ಬಿ.ಎ. ಆದ್ರ ಗಿಡ ಏರಬಾರದಂತ ಸರಕಾರ ಹೇಳೇದೇನು?"

ಹಂಗಾಮಿ ಕೆಲಸ ಕಾಯಂ ಆಗದಿದ್ದರೆ ನನ್ನ ಗತಿ ಆ ಹಗ್ಗವೇ. ಬೇರೆ ನೌಕರಿಗೆ ರಾಯಚೂರು, ಲಿಂಗಸುಗೂರು ಎಲ್ಲ ಕಚೇರಿಗಳ ಬಾಗಿಲಲ್ಲೂ ನಿಂತು ಬಂದಿದ್ದೆ. ಕಾಯಂ ಮಾಡುವವರು ಇಲಾಖೆಯ ದೊಡ್ಡ ಸಾಹೇಬರು, ಅವರ ಒಂದು ಮಾತು. ಆ ಸಾಹೇಬರು ಶಾಲೆಯ ತನಿಖೆಗೆ ಮಾನ್ವಿಗೆ ಬರುತ್ತಾರೆಂದು ಸುದ್ದಿ ಬಂತು.

ನಮ್ಮ ಹೆಡ್‌ಮಾಸ್ತರರು ವೈಷ್ಣವರು, ಮುಂಜಾನೆ ಮಡಿಯಲ್ಲಿ ಪೂಜೆ ಮುಗಿಸದೆ ನೀರು ಮುಟ್ಟದವರು. ಕೆಟ್ಟವರಲ್ಲ. ನನ್ನ ಪಾಠವನ್ನು ಬಾಗಿಲ ಹೊರಗೆ ನಿಂತು ಕೇಳಿ, ಒಳ್ಳೆಯದೆನಿಸಿದರೆ ತಲೆ ಆಡಿಸಿ ಹೋಗುತ್ತಿದ್ದರು. ಅವತ್ತು ನನ್ನನ್ನು ಮೂಲೆಗೆ ಕರೆದರು. ಮುಖ ಸಣ್ಣದಾಗಿತ್ತು.

"ಮಾಸ್ತರ, ಒಂದು ಫಜೀತಿ ಆಗ್ಯದರೀ. ಸಾಹೇಬರಿಗೆ ಸಂಜಿಗೆ ಒಂದು… ಪಾನ ಬೇಕಾಗ್ತದಂತ. ಮೂರು ಬಾಟ್ಲಿ ಕೂಡಿಸಿ ಮಾಡೋದಂತ. ಅದನ್ನ ಮಾಡಿಕೊಡೋ ಅವರ ಖಾನ್ಸಾಮ ಜ್ವರ ಹಿಡದು ರಾಯಚೂರಾಗ ಮಲಗ್ಯಾನ."

"ಮುಸಾಫಿರ್ ಬಂಗಲೆಯೊಳಗ ವ್ಯವಸ್ಥಾ ಮಾಡೋಣಲ್ರೀ."

"ಅದರ ಮ್ಯಾಳಿಗಿ ದುರಸ್ತಿಗಂತ ಕಿತ್ತು ಹಾಕ್ಯಾರ. ನಮ್ಮ ಮನಿ ಅಂದ್ರ ನಿಮಗ ಗೊತ್ತಽ ಅದ. ಗಿರಣಿ ಸಾಹುಕಾರರ ಮನ್ಯಾಗ ಲಿಂಗಪೂಜಿ. ಅದಕ್ಕ… ನಿಮ್ಮ ಮನ್ಯಾಗ ಊಟ ಇಟ್ಟರ ಹ್ಯಾಂಗ? ನಿಮ್ಮ ಕಡೇದವ್ರಿಗೆ ಇದೆಲ್ಲ… ಕೈಗೆ ಬಂದ ಕೆಲಸ ಅಲ್ಲೇನ್ರೀ?"

ಕೊನೆಯ ಮಾತನ್ನು ಅವರು ನೆಲ ನೋಡುತ್ತ ಹೇಳಿದರು. ನನಗೆ ಸಿಟ್ಟು ಬಂತು. ಷೇಕ್ಸ್‌ಪಿಯರನನ್ನೂ ಬೀಜಗಣಿತವನ್ನೂ ಗಂಟಲಿಗಿಳಿಸಿ ಪದವಿ ತಂದದ್ದು ಕೊನೆಗೆ ಇದಕ್ಕೆ. ಆದರೆ ಬಾಗಿಲ ಹಿಂದಿನ ಹಗ್ಗ ಕಣ್ಣಮುಂದೆ ಬಂತು. "ಆಗಲಿ ರೀ" ಎಂದೆ.

ಹಿಂದಿನ ದಿನವೇ ಸಾಹೇಬರ ಚಪರಾಸಿ ಬೆತ್ತದ ಪೆಟ್ಟಿಗೆ ಹೊತ್ತು ನಮ್ಮ ಮನೆಗೆ ಬಂದ. ಒಳಗೆ ಹುಲ್ಲಿನ ನಡುವೆ ಮೂರು ಬಾಟಲಿ, ಒಂದು ಕಾಜಿನ ಗ್ಲಾಸು. ಬಿಳಿಯದು ಜಿನ್. ಕೆಂಪನೆಯದು ಕಹಿ ಬೇರುಗಳಿಂದ ಇಳಿಸಿದ ಮದ್ಯ, ದೀಪಕ್ಕೆ ಹಿಡಿದರೆ ದಾಳಿಂಬೆ ಕಾಳಿನ ಬಣ್ಣ. ಮೂರನೆಯದು ಹಸಿರು. ಪ್ರತಿಯೊಂದರ ಚೀಟಿಯ ಮೇಲೂ ಒಳಗಿನದು ಎಲ್ಲಿಯವರೆಗೆ ಇದೆಯೋ ಅಲ್ಲಿ ಚಪರಾಸಿ ಪೆನ್ಸಿಲಿನಿಂದ ಗೆರೆ ಎಳೆದಿದ್ದ.

"ಯುದ್ಧ ಅದ. ಹಡಗು ಬರಾಂಗಿಲ್ಲ. ಇವು ಮುಗದ್ರ ಮುಗದ್ವು," ಎಂದ. "ಮೂಸಿದ್ರೂ ಸಾಹೇಬರಿಗೆ ಗೊತ್ತಾಗ್ತದ ಮತ್ತ."

ಚಪರಾಸಿಗೆ ಮನೆ ತೋರಿಸಲು ಬಂದಿದ್ದ ಹೆಡ್‌ಮಾಸ್ತರರು ಕಟ್ಟೆಯ ಕೆಳಗೆ ನಿಂತೇ ಕೇಳಿದರು: "ಆ ಹಸಿರು ಯಾತರದಪ್ಪಾ?"

"ಅದು ಬಹಳ ಪಾಕ್ ಚೀಜ್ ರೀ. ಫಿರಂಗಿ ದೇಶದಾಗ ಒಂದು ಮಠ ಅದಂತ. ಅಲ್ಲಿ ಸ್ವಾಮಿಗೋಳು ನೂರಾರು ಜಾತಿ ಗಿಡಮೂಲಿಕಿ ಹಾಕಿ ಇಳಸ್ತಾರಂತ."

"ಮಠದಾಗ?"

"ಹೌದ್ರೀ."

"ಸ್ವಾಮಿಗೋಳು?"

"ಮಾತಾಡಾಂಗಿಲ್ಲಂತ ಅವರು. ಮೌನವ್ರತ."

"ಮಾತಾಡಾಕ ಬಾಯಿ ಖಾಲಿ ಇದ್ದರ ಅಲ್ಲೇನು," ಎಂದು ಒಳಗಿನಿಂದ ಅಪ್ಪ ಅಂದ. ಹೆಡ್‌ಮಾಸ್ತರರು "ರಾಮ ರಾಮ" ಎಂದು ಧೋತರದ ಚುಂಗು ಹಿಡಿದುಕೊಂಡು ಹೊರಟೇಬಿಟ್ಟರು.

ಚಪರಾಸಿ ವಿಧಾನ ಹೇಳಿಕೊಟ್ಟ. ಬಿಳಿಯದು ಒಂದು ಪಾಲು, ಕೆಂಪು ಒಂದು ಪಾಲು, ಹಸಿರು ಅರ್ಧ ಪಾಲು. ಬರ್ಫದ, ಎಂದರೆ ಮಂಜುಗಡ್ಡೆಯ, ಮೇಲೆ ಸುರಿದು ತಿರುವಬೇಕು, ಕುಲುಕಬಾರದು. ಗ್ಲಾಸಿಗೆ ಬಗ್ಗಿಸಿದ ಮೇಲೆ ಲಿಂಬೆಯ ಸಿಪ್ಪೆಯನ್ನು ಹಿಂಡಬೇಕು. ಹಣ್ಣಲ್ಲ, ಸಿಪ್ಪೆ. ಅದರ ಎಣ್ಣೆ ಮೇಲೆ ಹನಿಯಾಗಿ ತೇಲಬೇಕು. ರುಚಿ ಹೇಗಿರಬೇಕೆಂದು ಕೇಳಿದೆ. "ಮೊದಲ ಕಹಿ, ಹಿಂದಿಂದ ಸೀ. ಆಮ್ಯಾಲ ಹಕೀಮರ ಅಂಗಡಿ ಮುಂದ ಹಾದು ಹೋದಂಗ ಆಗಬೇಕು," ಎಂದ.

ಬಾಯಿಗೆ ಹಾಕದೆ ಬೆರೆಸಬೇಕು. ಗೆರೆ ಎಳೆದ ಬಾಟಲಿ ಮುಟ್ಟುವ ಹಾಗಿಲ್ಲ. ಹಾಗಾದರೆ ಕೈ ಪಳಗುವುದು ಹೇಗೆ? ಅವ್ವನ ಹತ್ತಿರ ಬೇವಿನ ಎಲೆ ಕುದಿಸಲು ಹೇಳಿದೆ. ಬೇವಿನ ಕಷಾಯಕ್ಕೆ ಬೆಲ್ಲ ಹಾಕಿದರೆ ಕೆಂಪು ಬಾಟಲಿ. ತುಳಸಿ, ಅಜವಾನ, ಬಡೆಸೋಪು ಅರೆದು ಹಿಂಡಿದ ರಸ ಹಸಿರು ಬಾಟಲಿ. ಬಿಳಿಯದಕ್ಕೆ ಭಾವಿ ನೀರು. ಚಹಾದ ಬಟ್ಟಲಿನಿಂದ ಅಳೆದು ಅಳೆದು ಬೆರೆಸಿದೆ. ಇದರಲ್ಲಿ ಮತ್ತು ಇಲ್ಲ, ಆದ್ದರಿಂದ ಆಣೆಗೆ ಭಂಗವಿಲ್ಲ. ಒಂದು ಗುಟುಕು ನುಂಗಿ ಮುಖ ಕಿವುಚಿದೆ.

ಅವ್ವ ಬಟ್ಟಲು ಕಸಿದುಕೊಂಡು ತಾನೂ ಕುಡಿದಳು.

"ಇದನ್ನ ಕುಡಿಯಾಕ ಆ ಸಾಹೇಬ ಹೈದರಾಬಾದಿಂದ ಬರಾಕತ್ತಾನೇನು? ನಮ್ಮೂರಾಗ ಹೊಟ್ಟಿ ಹುಳಕ್ಕ ಕೊಡ್ತೀವಿ."

"ದೊಡ್ಡ ಮಂದಿಗೆ ದೊಡ್ಡ ಹುಳ ಇರ್ತಾವ," ಎಂದ ಅಪ್ಪ.

ಅವರಿಬ್ಬರೂ ನಕ್ಕರು. ನನಗೆ ನಗು ಬರಲಿಲ್ಲ. ನಾನು ಮತ್ತೆ ಅಳೆದೆ.

ಬೆರೆಸಲು ಕಾಜಿನ ಜಗ್ಗು ಬೇಕೆಂದು ಚಪರಾಸಿ ಹೇಳಿದ್ದ. ಮಾನ್ವಿಯಲ್ಲಿ ಅಂಥದ್ದು ಯಾರ ಮನೆಯಲ್ಲಿ ಇತ್ತು? ಕುಂಬಾರನ ಹತ್ತಿರ ಹೋಗಿ ಗಿಂಡಿಯ ಗಾತ್ರದ ಹೊಸ ಮಡಕೆ ತಂದೆ. ಮಣ್ಣು ತಂಪು ಹಿಡಿಯುತ್ತದೆ, ಬರ್ಫ ಬೇಗ ಕರಗುವುದಿಲ್ಲ ಎಂಬ ಲೆಕ್ಕ. ಅದನ್ನು ಅವ್ವನ ಕೈಗೆ ಕೊಟ್ಟು, "ಇದನ್ನ ತಯಾರು ಮಾಡಿ ಇಡು ಯವ್ವಾ, ನಾ ಬರ್ಫ ತರ್ತೀನಿ," ಎಂದೆ.

ಬರ್ಫ ಸಿಗುವುದು ರಾಯಚೂರಿನಲ್ಲಿ, ರೈಲು ನಿಲ್ದಾಣದ ಬಳಿ. ಸಾಹೇಬರು ಬರುವ ದಿನ ಮುಂಜಾನೆಯೇ ಹೋಗಿ ಒಂದು ಗಡ್ಡೆ ಕೊಂಡೆ. ಪಕ್ಕದ ಗಿರಣಿಯಿಂದ ಭತ್ತದ ಹೊಟ್ಟು ಬೇಡಿ ತಂದು, ಗೋಣಿಚೀಲದಲ್ಲಿ ಹೊಟ್ಟು, ಹೊಟ್ಟಿನೊಳಗೆ ಬರ್ಫ ಹುಗಿದು ಬಸ್ಸು ಹತ್ತಿದೆ. ಆ ದಿನಗಳ ಬಸ್ಸುಗಳು ಪೆಟ್ರೋಲು ಇಲ್ಲದೆ ಇದ್ದಿಲ ಹೊಗೆಯ ಮೇಲೆ ಓಡುತ್ತಿದ್ದವು. ಓಡುತ್ತಿದ್ದವು ಎನ್ನುವುದು ದೊಡ್ಡ ಮಾತು. ಏರು ಬಂದರೆ ನಾವೇ ಇಳಿದು ನೂಕಬೇಕು.

ಕಲ್ಲೂರಿನ ಹತ್ತಿರ ಬಸ್ಸು ನಿಂತಿತು. ಡ್ರೈವರ್ ಇದ್ದಿಲ ಒಲೆ ಕೆದಕಿದ, ಊದಿದ, ಬೈದ. ಬಿಸಿಲು ನೆತ್ತಿಗೆ ಬಂದಿತ್ತು. ನಾನು ಚೀಲವನ್ನು ಬಸ್ಸಿನ ನೆರಳಿಗೆ ಎಳೆದು, ಮೇಲೆ ನನ್ನ ಕೋಟು ಹೊದಿಸಿ ಕುಳಿತೆ. ಕೆಳಗಿನಿಂದ ನೀರು ಹರಿದು ಧೂಳಿನಲ್ಲಿ ಗೆರೆಯಾಗುತ್ತಿತ್ತು.

"ಮಾಸ್ತರ, ನಿಮ್ಮ ಚೀಲ ಅಳಾಕತ್ತದಲ್ರೀ!" ಎಂದ ಒಬ್ಬ ಮುದುಕ, ಬೇವಿನ ನೆರಳಲ್ಲಿ ಕುಳಿತವನು.

"ಬರ್ಫ ಅದ."

"ಮದಿವೀಗೇನ್ರೀ?"

"ಅಲ್ಲ."

"ಮತ್ತ ಹೆಣಕ್ಕೇನು?"

ಎಲ್ಲರೂ ನಕ್ಕರು. ಯಾರ ಹೆಣ ಎಂದು ನಾನು ಹೇಳಲಿಲ್ಲ. ಚೀಲವನ್ನು ತಬ್ಬಿಕೊಂಡು ಕುಳಿತೆ. ತಬ್ಬಿದರೆ ಮೈ ಬಿಸಿಗೆ ಇನ್ನೂ ಕರಗುತ್ತದೆಂದು ಹೊಳೆದು ಬಿಟ್ಟೆ. ಬಿಟ್ಟರೆ ಬಿಸಿಲು. ದೇವರಾಣೆ, ಪರೀಕ್ಷೆಯ ಫಲಿತಾಂಶ ಕಾಯುವಾಗಲೂ ನಾನು ಹಾಗೆ ಒದ್ದಾಡಿರಲಿಲ್ಲ. ಒಬ್ಬ ಬಾಣಂತಿ ಬಂದು, ಕೂಸಿಗೆ ಜ್ವರ, ಹಣೆಗೆ ಇಡಲು ಒಂದು ಚೂರು ಕೊಡ್ರೀ ಅಂದಳು. ಒಡೆದು ಕೊಟ್ಟೆ. ಕೊಟ್ಟು ಆಕೆಯ ಸೆರಗಿನಲ್ಲಿ ಅದು ಕರಗುವುದನ್ನೇ ನೋಡುತ್ತ ಕುಳಿತೆ.

ಬಸ್ಸು ಹೊರಟು ಮಾನ್ವಿ ಮುಟ್ಟಿದಾಗ ಹೊತ್ತು ಮುಳುಗುವ ಹಾಗಿತ್ತು. ಹೊಟ್ಟಿನಲ್ಲಿ ಕೈ ಹಾಕಿ ತಡಕಿದರೆ ಬೇಲದ ಕಾಯಿಯಷ್ಟು ಗಡ್ಡೆ ಉಳಿದಿತ್ತು. ಸಾಹೇಬರು ಆಗಲೇ ಬಂದು ನಮ್ಮ ಮುಂದಿನ ಖೋಲಿಯಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದರು. ಹೆಡ್‌ಮಾಸ್ತರರು ಹೊರಗೆ ಕಟ್ಟೆಯ ತುದಿಯಲ್ಲಿ, ಒಳಗಿನದು ಕಾಣದಂತೆ ಬೆನ್ನು ತಿರುಗಿಸಿ ಕುಳಿತು, ಬೀದಿಯ ಜೊತೆ ಮಾತಾಡುವವರಂತೆ ಶಾಲೆಯ ವರದಿ ಒಪ್ಪಿಸುತ್ತಿದ್ದರು.

ನಾನು ಹಿಂದಿನ ಬಾಗಿಲಿಂದ ಒಳಗೆ ಹೋಗಿ ಕೈ ತೊಳೆದೆ. ಒಲೆಯ ಮುಂದೆ ಅವ್ವ ಕೋಳಿ ಸಾರು ಕುದಿಸುತ್ತಿದ್ದಳು. ಮೂಲೆಯಲ್ಲಿ ಮಡಕೆ ಬಟ್ಟೆ ಮುಚ್ಚಿಕೊಂಡು ಸಿದ್ಧವಾಗಿ ಕುಳಿತಿತ್ತು. ಬರ್ಫ ತೊಳೆದು ಒಳಗೆ ಹಾಕಿದೆ. ಬಿಳಿಯದು, ಕೆಂಪು, ಹಸಿರು ಅಳೆದು ಸುರಿದೆ. ಕೆಂಪು ಬಾಟಲಿ ಅಲ್ಲಿಗೆ ಮುಗಿಯಿತು, ತಳದ ಹನಿಯವರೆಗೆ. ಸೌಟಿನ ಹಿಡಿಕೆಯಿಂದ ಮೆಲ್ಲಗೆ ತಿರುವಿದೆ. ಗ್ಲಾಸಿಗೆ ಬಗ್ಗಿಸಿದೆ.

ದಾಳಿಂಬೆ ಬಣ್ಣ ಇರಲಿಲ್ಲ. ಮಸಿ ದೌತಿ ತೊಳೆದ ನೀರಿನಂತೆ ನೇರಳೆ ಬಣ್ಣ, ಅದರಲ್ಲಿ ಬಿಳಿಯ ಮೋಡ ತಿರುಗುತ್ತಿತ್ತು.

ದೀಪ ಹತ್ತಿರ ತಂದು ಮಡಕೆಯೊಳಗೆ ನೋಡಿದೆ. ಒಳಮೈ ಪೂರ್ತಿ ಬೆಳ್ಳಗಿತ್ತು.

"ಯವ್ವಾ, ಮಡಕಿಗೆ ಏನು ಹಚ್ಚಿದಿ?"

"ಸುಣ್ಣ. ಮತ್ತೇನು ಹಚ್ತಾರ?" ಎಂದಳು ಅವ್ವ. ನನ್ನ ಮುಖ ನೋಡಿ ಸೌಟು ಕೆಳಗಿಟ್ಟಳು. "ತಯಾರು ಮಾಡಿಡು ಅಂದೀಯಲ್ಲೋ. ಹಚ್ಚದಽ ಹಂಗ ಕೊಡಾಕ ಬರ್ತದೇನು? ಒಳಗಿಂದು ಹುಳಿ ಆದ್ರ ನಿನ್ನ ನೌಕರಿ ಹೊಕ್ಕದಂತ ಎರಡು ಸಲ ಹಚ್ಚೀನಿ."

ಆಕೆಯ ಬೆರಳುಗಳು ಒಡೆದಿದ್ದವು. ಗಬ್ಬೂರು ಬಿಟ್ಟ ಮೇಲೆ ಮಾಯ್ದಿದ್ದ ಗಾಯಗಳು ಅವತ್ತು ಮತ್ತೆ ಬಾಯಿ ಬಿಟ್ಟಿದ್ದವು. ಚೆಲ್ಲಿ ಹೊಸದು ಮಾಡೋಣವೆಂದರೆ ಕೆಂಪು ಬಾಟಲಿ ಖಾಲಿ. ಮುಂದಿನ ಖೋಲಿಯಿಂದ ಸಾಹೇಬರ ದನಿ ಬಂತು: "ಮಾಸ್ಟರ್ ಸಾಹೇಬ್, ಇವತ್ತೇ ಸಿಗುತ್ತದೆಯೋ, ನಾಳೆಯೋ?"

ಲಿಂಬೆ ಸಿಪ್ಪೆ ಹಿಂಡಿ ತೆಗೆದುಕೊಂಡು ಹೋದೆ.

ಸಾಹೇಬರ ಮಾತೆಲ್ಲ ಉರ್ದು. ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅವರು ಗ್ಲಾಸನ್ನು ಕಂದೀಲಿಗೆ ಹಿಡಿದರು. ಆ ಕಡೆ ಈ ಕಡೆ ತಿರುಗಿಸಿದರು. ಮೂಸಿದರು. ಬಾಯಿಗೆ ಒಯ್ಯಲಿಲ್ಲ.

"ಈ ಬಣ್ಣ ಎಲ್ಲಿಂದ ಬಂತು?"

ನಾನು ಒಳಗಿನ ಖೋಲಿಯ ಕಡೆ ನೋಡಿದೆ.

"ನೀವು ಕುಡಿದು ನೋಡಿದ್ದೀರಾ?"

"ಇಲ್ಲ ಸಾಹೇಬ್. ನಾನು ಕುಡಿಯುವುದಿಲ್ಲ."

"ಕುಡಿಯದೆ ಬೆರೆಸಿದಿರಾ? ತರಗತಿಯಲ್ಲಿಯೂ ಪಾಠ ಓದದೆಯೇ ಹೇಳುತ್ತೀರೋ?" ಅವರು ನಗಲಿಲ್ಲ. ಗ್ಲಾಸನ್ನು ನನ್ನ ಕಡೆ ಸರಿಸಿದರು. "ಮೊದಲು ನೀವು ಕುಡಿಯಿರಿ."

ಹೊರಗೆ ಹೆಡ್‌ಮಾಸ್ತರರ ವರದಿ ನಿಂತಿತು. ಬೆನ್ನು ತಿರುಗಿಸಿಕೊಂಡೇ ಅವರು ಸಣ್ಣ ದನಿಯಲ್ಲಿ ಕನ್ನಡದಲ್ಲಿ ಹೇಳಿದರು: "ಒಂದು ಗುಟುಕು, ಮಾಸ್ತರ. ಔಷಧ ಅಂತ ತಿಳಕೊಂಡು… ಕಾಯಂ ಮಾಡೋ ಕಾಗದ ಅವರ ಕೈಯಾಗ ಅದರೀ."

ಗ್ಲಾಸು ಕೈಗೆ ತೆಗೆದುಕೊಂಡೆ. ತಣ್ಣಗಿತ್ತು. ಅಷ್ಟು ದೂರದಿಂದ ತಬ್ಬಿಕೊಂಡು ತಂದ ತಂಪು. ಒಂದು ಗುಟುಕು ಕುಡಿದರೆ ನೌಕರಿ ಉಳಿದೀತು. ಕುಡಿಯದಿದ್ದರೆ ಹಗ್ಗ. ಯಾವ ಗಿಡಕ್ಕೆ ಅಂಗೈ ಇಟ್ಟು ಆಣೆ ಮಾಡಿದ್ದೆನೋ ಅದೇ ಗಿಡವನ್ನು ಏರುವುದು, ಏರಿದ ಮೇಲೆ ಕುಡಿಯುವುದು ಇದ್ದದ್ದೇ. ಹೇಗೆ ಲೆಕ್ಕ ಹಾಕಿದರೂ ಆಣೆ ಉಳಿಯುತ್ತಿರಲಿಲ್ಲ. ಇದನ್ನೆಲ್ಲ ಈಗ ಬಿಡಿಸಿ ಬರೆಯುತ್ತಿದ್ದೇನೆ, ಆಗ ತಲೆಯೊಳಗೆ ಬರೀ ಕತ್ತಲೆ. ಗ್ಲಾಸಿನ ಅಂಚು ತುಟಿಗೆ ತಾಗಿತು.

ಬಡಿಗೆಯ ಸಪ್ಪಳ ಕೇಳಿತು.

"ಅಂವ ಕುಡ್ಯಾಂಗಿಲ್ರೀ ಸಾಹೇಬ್ರ," ಎಂದ ಅಪ್ಪ. ನಡುಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ. "ನಮ್ಮಲ್ಲಿ ಹಾಕಿದಾಂವ ಮೊದಲ ಕುಡೀಬೇಕು. ಹಾಕಿದಾಂವ ನಾನು. ಅಂವ ಬರೇ ಹೊತ್ತು ತಂದಾನ."

ನನ್ನ ಕೈಯಿಂದ ಗ್ಲಾಸು ತೆಗೆದುಕೊಂಡ. ಗುಟುಕು ಅಲ್ಲ, ತಲೆ ಎತ್ತಿ ಪೂರ್ತಿ ಕುಡಿದ. ಕೊನೆಗೆ ಲಿಂಬೆ ಸಿಪ್ಪೆಯನ್ನೂ ಅಗಿದ. ಅವನ ಗಂಟಲಗಂಟು ಎರಡು ಸಲ ಏರಿಳಿಯಿತು.

"ವಿಷ ಇಲ್ರೀ," ಎಂದ. "ಆದ್ರ ಇದಕ್ಕಿಂತ ವಿಷ ಚಲೋ ಇರ್ತಿತ್ತು."

ನಾನೇ ಅದನ್ನು ಉರ್ದುವಿಗೆ ತಿರುಗಿಸಿ ಹೇಳಬೇಕಾಯಿತು, ಸಾಹೇಬರು ಕೇಳಿದರಲ್ಲ. ಹೇಳಿದೆ. ಅವರು ಎರಡು ಕ್ಷಣ ಅಪ್ಪನನ್ನು ನೋಡಿದರು. ಆಮೇಲೆ ನಕ್ಕರು ನೋಡಿ. ಕುರ್ಚಿ ಕಿರುಗುಟ್ಟುವಂತೆ, ಕಣ್ಣಲ್ಲಿ ನೀರು ಬರುವಂತೆ. ಆ ನಗೆಗೆ ಹೆಡ್‌ಮಾಸ್ತರರು ತಮಗೇ ಗೊತ್ತಿಲ್ಲದಂತೆ ಒಳಗೆ ತಿರುಗಿ ನೋಡಿದರು.

ಸಾಹೇಬರು ಅಪ್ಪನನ್ನು ಕುಳ್ಳಿರಿಸಿಕೊಂಡು ಎಲ್ಲ ಕೇಳಿದರು. ಸುಣ್ಣ ಯಾಕೆ, ಗಿಡ ಯಾವಾಗ ಕೆತ್ತುತ್ತೀರಿ, ಬೆರಕೆ ಹೇಗೆ ಗೊತ್ತಾಗುತ್ತದೆ. ಅಪ್ಪ ಅರ್ಧ ಸಂತೆಯ ದಖನಿ ಉರ್ದು, ಅರ್ಧ ಕನ್ನಡದಲ್ಲಿ ಹೇಳುತ್ತಿದ್ದ. ಉಳಿದ ಜಿನ್ನಿಗೆ ಹಸಿರು ಹಾಕಿ, ಸುಣ್ಣವಿಲ್ಲದ ತಂಬಿಗೆಯಲ್ಲಿ ಬೆರೆಸಿ ಸಾಹೇಬರು ತಾವೇ ಮಾಡಿಕೊಂಡು ಕುಡಿದರು. ಅವ್ವನ ಕೋಳಿ ಸಾರು, ಜೋಳದ ರೊಟ್ಟಿ ಎರಡೆರಡು ಸಲ ಹಾಕಿಸಿಕೊಂಡರು. ನನ್ನ ಎದೆಯಲ್ಲಿ ಮೆಲ್ಲಗೆ ಆಸೆ ಚಿಗುರಿತು. ಆಯಿತು, ದಾಟಿದೆ, ಅಂದುಕೊಂಡೆ.

ಕೈ ತೊಳೆಯುತ್ತ ಸಾಹೇಬರು ಅಂದರು: "ಮಾಸ್ಟರ್ ಸಾಹೇಬ್, ನಿಮಗೆ ಈ ಶಾಲೆ ತಕ್ಕ ಜಾಗ ಅಲ್ಲ."

"ಸಾಹೇಬ್?"

"ಮೇಷ್ಟರ ಕೆಲಸಕ್ಕೆ ಯಾರಾದರೂ ಸಿಗುತ್ತಾರೆ. ಸೇಂದಿಯವರ ಮನೆಯಲ್ಲಿ ಹುಟ್ಟಿ ಬಿ.ಎ. ಆದವನು ಎಲ್ಲಿ ಸಿಗುತ್ತಾನೆ? ಆಬ್ಕಾರಿ ಇಲಾಖೆಯಲ್ಲಿ ನನ್ನ ಭಾವಮೈದುನ ಇದ್ದಾನೆ. ಬೆರಕೆ ಹಿಡಿಯುವವರಿಲ್ಲ ಎಂದು ಗೋಳಾಡುತ್ತಾನೆ. ಕಾಯಂ ಕೆಲಸ. ಖಾಕಿ ಉಡುಪು. ನಾನು ಬರೆಯುತ್ತೇನೆ."

"ನನಗೆ ಶಾಲೆಯೇ ಸಾಕು ಸಾಹೇಬ್. ದಯಮಾಡಿ. ನನಗೆ ಕಲಿಸುವುದು ಬರುತ್ತದೆ. ಹೆಡ್‌ಮಾಸ್ತರರನ್ನು ಕೇಳಿ."

"ಮಾಸ್ತರ ಪಾಠ ಬಹಳ ಚಲೋ ಅದ, ಹುಜೂರ್," ಎಂದರು ಹೆಡ್‌ಮಾಸ್ತರರು ಕಟ್ಟೆಯಿಂದ. ಅಂದದ್ದು ಇಷ್ಟೇ, ಆದರೆ ಅಂದರು.

ಸಾಹೇಬರು ನನ್ನ ಬೆನ್ನು ತಟ್ಟಿದರು. "ನಾಚಿಕೆ ಬೇಡ. ಉಪಕಾರ ಎಂದುಕೊಳ್ಳಬೇಡಿ."

ಅವರು ಮನಸಾರೆ ಹೇಳುತ್ತಿದ್ದರು. ಅದೇ ನನ್ನನ್ನು ಕೊಂದದ್ದು. ಕೆಟ್ಟ ಮನಸ್ಸಿನಿಂದ ಹೇಳಿದ್ದರೆ ಕಾಲು ಹಿಡಿಯಬಹುದಿತ್ತು, ಜಗಳಾಡಬಹುದಿತ್ತು. ಒಳ್ಳೆಯ ಮನಸ್ಸಿನಿಂದ ಕೊಟ್ಟದ್ದನ್ನು ಬೇಡವೆನ್ನಲು ನನ್ನ ಉರ್ದುವಿನಲ್ಲಿ ಶಬ್ದ ಸಾಲಲಿಲ್ಲ. ಸಾಹೇಬರ ಈ ಕಚೇರಿ ಉರ್ದುವಿನಲ್ಲಿ ಅಪ್ಪನಿಗೆ ಒಂದೇ ಶಬ್ದ ತಿಳಿಯಿತು. "ಆಬ್ಕಾರಿ ಅಂದ್ರಲ್ಲ, ಯಾಕಪಾ?" ಎಂದು ನನ್ನ ಮುಖ ನೋಡಿದ. ಅವನ ಬಾಯಿಂದ ಆ ಹಸಿರು ಬಾಟಲಿಯ ವಾಸನೆ ಬರುತ್ತಿತ್ತು. ಆಮೇಲೆ ಹೇಳುತ್ತೇನೆ ಎಂದೆ.

ಶಾಲೆಯ ಕೆಲಸ ಮುಗಿಯಿತೆಂಬ ಆದೇಶ ಮೊದಲು ಬಂತು, ಆಬ್ಕಾರಿಯದು ಆಮೇಲೆ. ನಡುವಿನ ದಿನಗಳಲ್ಲಿ ನಾನು ಮನೆ ಬಿಟ್ಟು ಹೊರಗೆ ಹೋಗಲಿಲ್ಲ. ಗಿಡ ಏರಲು ಬಾ ಎಂದು ಗುತ್ತೇದಾರ ಮತ್ತೊಮ್ಮೆ ಹೇಳಿ ಕಳಿಸಿದ. ಅವ್ವ ಮಾತ್ರ ಒಂದೇ ಮಾತು ಹೇಳುತ್ತಿದ್ದಳು: "ಖಾಕಿ ಹಾಕ್ಕೋತೀಯಲ್ಲ ತಮ್ಮಾ, ಏರೋದಿಲ್ಲಲ್ಲ." ನಾನು ಖಾಕಿ ತೊಟ್ಟ ದಿನ ಅಪ್ಪ ಗೂಟದಿಂದ ಹಗ್ಗ ಇಳಿಸಿದ. ಅದನ್ನು ಬಿಚ್ಚಿ, ಎಳೆ ಎಳೆ ಬೇರೆ ಮಾಡಿ, ಅವ್ವನಿಗೆ ಒಲೆ ಹೊತ್ತಿಸಲು ಕೊಟ್ಟ. ನಾರು ಒಣಗಿತ್ತು, ಚಟಚಟ ಉರಿಯಿತು.

ಬೆರಕೆ ಹಿಡಿಯುವುದು ಹೇಗೆ? ಕಚೇರಿಯಲ್ಲಿ ಕಾಜಿನ ನಳಿಕೆಗಳಿದ್ದವು, ಅವು ಬೀಗದ ಕಪಾಟಿನಲ್ಲಿರುತ್ತಿದ್ದವು. ಊರಲ್ಲಿ ಗಿಡದ ಬುಡದಲ್ಲಿ ನಿಂತಾಗ ನಳಿಕೆ ಇಲ್ಲ, ನಾಲಿಗೆಯೇ. ಮೇಲಿನವರು ಮೊದಲ ದಿನವೇ ಹೇಳಿದರು, "ನಿಮಗೇನು ಕಲಿಸಬೇಕು? ರಕ್ತದಲ್ಲೇ ಇದೆ."

ನಾನು ತಪಾಸಣೆಗೆ ಹೋದ ಮೊದಲ ಊರು ಹಿರೇಕೊಟ್ನೆಕಲ್. ಹೊಲದ ಬದುವಿನ ಮೇಲೆ ಈಚಲ ಗಿಡಗಳು. ನನ್ನ ಅಪ್ಪನ ವಯಸ್ಸಿನವನೊಬ್ಬ ಇಳಿದು ಬಂದ. ಖಾಕಿ ನೋಡಿ ತಲೆಯ ಬಟ್ಟೆ ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡ. ಅವನ ಸೊಂಟದಲ್ಲಿ ಅಪ್ಪನದರಂಥದೇ ಹಗ್ಗ. ಮಡಕೆಯನ್ನು ಬಗ್ಗಿಸಿ ಸೋರೆಬುರುಡೆಗೆ ಹಾಕಿ, ಮೊದಲು ತಾನೊಂದು ಗುಟುಕು ಕುಡಿದ. ಬಾಯಿ ಒರೆಸಿ, ಎರಡೂ ಕೈಯಿಂದ ನನಗೆ ಚಾಚಿದ.

"ನೋಡ್ರೀ ಸಾಹೇಬ್ರ," ಎಂದ. "ಹಾಕಿದಾಂವ ಕುಡದೀನಿ. ಇನ್ನ ನೀವು."

ನಾನು ಸುತ್ತ ನೋಡಿದೆ. ಬಡಿಗೆಯ ಸಪ್ಪಳ ಬರುವುದಿಲ್ಲವೆಂದು ನನಗೆ ಗೊತ್ತಿತ್ತು. ಸೋರೆಬುರುಡೆ ತೆಗೆದುಕೊಂಡೆ. ಕುಡಿದೆ. "ಸರಿ ಅದ," ಎಂದೆ. ಸರಿ ಇದೆಯೋ ಇಲ್ಲವೋ ನನಗೇನು ಗೊತ್ತು.

ಸಂಜೆ ಮನೆಗೆ ಬಂದಾಗ ಅಪ್ಪ ಕಟ್ಟೆಯ ಮೇಲೆ ಗೋಡೆಗೆ ಒರಗಿ ಕುಳಿತಿದ್ದ. ದಾರಿಯಲ್ಲಿ ಬೇವಿನ ಕಡ್ಡಿಯಿಂದ ಹಲ್ಲುಜ್ಜಿ, ಭಾವಿಯಲ್ಲಿ ಬಾಯಿ ಮುಕ್ಕಳಿಸಿ ಬಂದಿದ್ದೆ. ಆದರೂ ದೂರ ಕುಳಿತೆ. ಅವನಿಂದ ಆ ವಾಸನೆ ಮುಚ್ಚಿಡುವುದು ಯಾರಿಂದಾದೀತು? ಬೀದಿ ನೋಡುತ್ತಲೇ ಅವನು ಕೇಳಿದ:

"ನೆರಳಗಿಡದ್ದೋ, ಬಿಸಲಗಿಡದ್ದೋ?"

"ಬಿಸಲಗಿಡದ್ದು."

"ಹಂಗಾರ ಸೀ ಇದ್ದಿರಬೇಕು."

ಗೊತ್ತಾಗಲಿಲ್ಲಪ್ಪ, ಎಂದೆ. ಅದು ನಿಜ. ಮೊದಲ ಗುಟುಕು, ಹೋಲಿಸಿ ನೋಡಲು ನನ್ನ ಬಾಯಲ್ಲಿ ಬೇವಿನ ಕಹಿ ಬಿಟ್ಟರೆ ಬೇರೇನೂ ಇರಲಿಲ್ಲ.